ಬರೆ, ಸೂಜಿ ಮತ್ತು ಎತ್ತಿನ ನೋವು



ಈ ತಿಂಗಳ ನಮ್ಮ ಆರೋಗ್ಯ ಅಂಕಣಕ್ಕೆ ವಿಷಯ ಒದಗಿಸಿರುವುದು ಪರಿಗಿ ಕಡೆಯಿಂದ ಬಂದ ಒಂದು ಪತ್ರ. ಹಿಂದೂಪುರದ ನೆರೆಯಲ್ಲೇ, ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ನದಿ ಗಡಿ ದಾಟಿ ಬಂದು ಉತ್ತರ ಪಿನಾಕಿನಿಯನ್ನು ಸೇರುವ ಸೀಮೆ ಅದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಪತ್ರ ಬರೆದ ಸಹೋದರಿಯ ಮನೆಯಲ್ಲಿ ಒಂದು ಎತ್ತಿಗೆ ಹೆಗಲು ಬಾತು ಮುಂಗಾಲು ಎಳೆಯುತ್ತಿದೆ. ಬರೆ ಹಾಕಿಸಿದರೆ ಸರಿಹೋಗುತ್ತದೆ ಎಂದು ಅವರ ಮಾವನವರ ಹಟ. ಅದು ಬರೀ ಹಿಂಸೆ, ಬೇಡ ಎಂದು ಕಾಲೇಜು ಓದುವ ಮಗನ ಜಗಳ. ಅದೇ ಹುಡುಗ ಬೆಂಗಳೂರಿನಲ್ಲಿ ನಾಯಿಗೆ ಸೂಜಿ ಚುಚ್ಚಿ ನೋವು ಇಳಿಸುತ್ತಾರೆ ಎಂದು ಹೇಳಿದಾಗ ತಾತನವರು ಕೇಳಿದರಂತೆ: “ಚೀನಾದವರು ಸೂಜಿ ಚುಚ್ಚಿದರೆ ವಿಜ್ಞಾನ, ನಿಮ್ಮ ತಾತ ಬರೆ ಎಳೆದರೆ ಮೌಢ್ಯವೇನಯ್ಯಾ?” ಯಾರ ಮಾತು ಸರಿ, ಬರೆ ಹಾಕಿಸುವುದು ಪಾಪವೇ ಎಂದು ಸಹೋದರಿ ಕೇಳಿದ್ದಾರೆ.

ಎತ್ತು ಪತ್ರಿಕೆ ಅಚ್ಚಾಗುವವರೆಗೆ ಕಾಯಲಾರದು. ಆದ್ದರಿಂದ ಬರೆ ಬೇಡ, ನೊಗ ಇಳಿಸಿ, ಪಶುವೈದ್ಯರಿಗೆ ತೋರಿಸಿ ಎಂದು ಆಗಲೇ ಉತ್ತರ ಕಳುಹಿಸಿದ್ದಾಗಿದೆ. ಆದರೆ ತಾತನವರ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದೊಂದು ಒಳ್ಳೆಯ ಪ್ರಶ್ನೆ. ಸುಮಾರು ಅರವತ್ತು ವರ್ಷಗಳಿಂದ ಅನೇಕ ದೇಶಗಳ ವಿಜ್ಞಾನಿಗಳು ಮೊಲ, ಇಲಿಗಳನ್ನು ಇಟ್ಟುಕೊಂಡು ಹೆಚ್ಚುಕಡಿಮೆ ಇದನ್ನೇ ಹುಡುಕುತ್ತಾ ಬಂದಿದ್ದಾರೆ.

ಮೊದಲು, ಮೂಕಪ್ರಾಣಿಗೆ ನಮ್ಮಂತೆ ನೋವಾಗುತ್ತದೆಯೇ? ಸಾಕಿದವರು ಯಾರೂ ಇದನ್ನು ಕೇಳುವುದಿಲ್ಲ. ಕೇಳಿದ್ದು ಪಂಡಿತರು. ಹದಿನೇಳನೆಯ ಶತಮಾನದ ಫ್ರಾನ್ಸಿನ ತತ್ವಜ್ಞಾನಿ ಡೇಕಾರ್ಟ್ ನೋವನ್ನು ಚರ್ಚಿನ ಗಂಟೆಗೆ ಹೋಲಿಸಿದ. ಕಾಲಿಗೆ ಬೆಂಕಿ ತಗುಲಿದರೆ ನರವೆಂಬ ಹಗ್ಗ ಎಳೆಯುತ್ತದೆ, ಮೇಲೆ ಮಿದುಳಿನಲ್ಲಿ ಗಂಟೆ ಬಾರಿಸುತ್ತದೆ ಎಂದ. ಅವನ ಹಿಂಬಾಲಕರಲ್ಲಿ ಕೆಲವರು ಇನ್ನೂ ಮುಂದೆ ಹೋಗಿ, ಪ್ರಾಣಿಗಳಲ್ಲಿ ಹಗ್ಗವೂ ಗಂಟೆಯೂ ಇದ್ದರೂ ಕೇಳಿಸಿಕೊಳ್ಳುವವರು ಒಳಗೆ ಯಾರೂ ಇಲ್ಲ ಎಂದುಬಿಟ್ಟರು. ಪವಿತ್ರ ಗ್ರಂಥ ಓದಿದವರಿಗೆ ಈ ಮಾತು ವಿಚಿತ್ರವಾಗಿ ತೋರಬೇಕು. ಸಂಖ್ಯಾಕಾಂಡದ 22ನೇ ಅಧ್ಯಾಯದಲ್ಲಿ ಬಿಳಾಮನ ಕತ್ತೆ ಮೂರು ಸಲ ಪೆಟ್ಟು ತಿಂದು, ಬಾಯಿ ಬಂದ ಕೂಡಲೇ ಮೊದಲು ಕೇಳುವುದೇ ನನ್ನನ್ನು ಯಾಕೆ ಹೊಡೆದೆ ಎಂದು. ದೇವದೂತನೂ ಬಿಳಾಮನನ್ನು ಅದೇ ಮಾತು ಕೇಳುತ್ತಾನೆ.

ವಿಜ್ಞಾನವೂ ಈಗ ಕತ್ತೆಯ ಪಕ್ಷ. ಒಂದು ಉದಾಹರಣೆ ನಮ್ಮ ಅಡುಗೆಮನೆಯದೇ. ಒಣಮೆಣಸಿನಕಾಯಿ ಯಾಕೆ ಉರಿಯುತ್ತದೆ? ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ನರದ ತುದಿಯಲ್ಲಿರುವ ಒಂದು ಪುಟ್ಟ ಬಾಗಿಲನ್ನು ಕಂಡುಹಿಡಿದರು. ಮೆಣಸಿನಕಾಯಿಯ ಖಾರದ ಸತ್ವ ತಾಗಿದರೂ ಆ ಬಾಗಿಲು ತೆರೆಯುತ್ತದೆ, ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಶಾಖ ತಾಗಿದರೂ ತೆರೆಯುತ್ತದೆ. ಖಾರವನ್ನೂ ಬೆಂಕಿಯನ್ನೂ ನಾವು ‘ಉರಿ’ ಎಂಬ ಒಂದೇ ಪದದಿಂದ ಕರೆಯುವುದು ಸುಮ್ಮನೆ ಅಲ್ಲ. ಈ ಸಂಶೋಧನೆಗೆ 2021ರಲ್ಲಿ ನೊಬೆಲ್ ಪಾರಿತೋಷಕ ಬಂತು. ಆ ಬಾಗಿಲು ನಮ್ಮಲ್ಲಿರುವಂತೆಯೇ ಇಲಿಯಲ್ಲಿದೆ, ಎತ್ತು, ಕುರಿ, ನಾಯಿಗಳಲ್ಲೂ ಇದೆ. ಹಕ್ಕಿಗಳಲ್ಲಿ ಇದ್ದರೂ ಖಾರಕ್ಕೆ ತೆರೆಯುವುದಿಲ್ಲ, ಶಾಖಕ್ಕೆ ಮಾತ್ರ. ಅದಕ್ಕೇ ಗಿಳಿ ಆರಾಮವಾಗಿ ಮೆಣಸಿನಕಾಯಿ ತಿನ್ನುತ್ತದೆ. ಬರೆ ಹಾಕುವ ಕಬ್ಬಿಣ ಕೆಂಪಗೆ ಕಾಯಬೇಕಾದರೆ 500 ಡಿಗ್ರಿ ದಾಟಿರುತ್ತದೆ. 43 ಡಿಗ್ರಿಗೇ ಕೂಗುವ ನರಕ್ಕೆ ಅದೇನೆಂದು ನೀವೇ ಊಹಿಸಿ.

ಹಾಗಾದರೆ ಸೂಜಿ ಚುಚ್ಚಿದರೆ ನೋವು ಹೆಚ್ಚಬೇಕಲ್ಲ, ಕಡಿಮೆ ಹೇಗಾಗುತ್ತದೆ? ಇಲ್ಲಿ ಡೇಕಾರ್ಟನ ಗಂಟೆ ಕೈಕೊಡುತ್ತದೆ. ಮಗು ಮೊಣಕಾಲು ತಗುಲಿಸಿಕೊಂಡು ಅತ್ತರೆ ತಾಯಿ ಏನು ಮಾಡುತ್ತಾಳೆ? ಉಜ್ಜುತ್ತಾಳೆ. ಉಜ್ಜಿದರೆ ಕಡಿಮೆಯಾಗುತ್ತದೆ. ನೋವು ಬರೀ ಹಗ್ಗ ಗಂಟೆಯ ವ್ಯವಹಾರವಾಗಿದ್ದರೆ ಉಜ್ಜಿ ಏನು ಪ್ರಯೋಜನ? 1965ರಲ್ಲಿ ಕೆನಡಾದ ಮೆಲ್ಜಾಕ್ ಮತ್ತು ಇಂಗ್ಲೆಂಡಿನ ವಾಲ್ ಎಂಬ ಇಬ್ಬರು ಒಂದು ಹೊಸ ವಾದ ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟು ಇದೆ, ಉಜ್ಜಿದ ಸ್ಪರ್ಶ, ಮನಸ್ಸಿನ ಸ್ಥಿತಿ ಎಲ್ಲವೂ ಸೇರಿ ಆ ಗೇಟನ್ನು ಅರ್ಧ ಮುಚ್ಚಬಲ್ಲವು, ನೋವಿನ ಸುದ್ದಿ ಪೂರ್ತಿ ಮೇಲೆ ಹೋಗದಂತೆ ತಡೆಯಬಲ್ಲವು ಎಂಬುದೇ ಆ ವಾದ. ಅದರ ವಿವರಗಳು ಆಮೇಲೆ ತಿದ್ದುಪಡಿಯಾದವು, ಮೂಲ ವಿಚಾರ ಉಳಿಯಿತು.

ಅದೇ 1965ರಲ್ಲಿ ಬೀಜಿಂಗಿನ ವೈದ್ಯಕೀಯ ಕಾಲೇಜಿನಲ್ಲಿ ಹಾನ್ ಜಿಶೆಂಗ್ ಎಂಬ ಶರೀರಶಾಸ್ತ್ರಜ್ಞರು ಅಕ್ಯುಪಂಕ್ಚರನ್ನು ಅಳೆಯಲು ತೊಡಗಿದರು. ಮೊದಲು ಸ್ವಯಂಸೇವಕರ ಮೇಲೆ. ಹೆಬ್ಬೆರಳು ತೋರುಬೆರಳಿನ ನಡುವೆ ಸೂಜಿ ಇಟ್ಟು ಆಡಿಸುತ್ತಿದ್ದರೆ, ನೋವು ತಡೆಯುವ ಶಕ್ತಿ ತಟ್ಟನೆ ಏರುವುದಿಲ್ಲ, ಸುಮಾರು ಅರ್ಧ ಗಂಟೆಯಲ್ಲಿ ಮೆಲ್ಲಗೆ ಏರುತ್ತದೆ. ಸೂಜಿ ತೆಗೆದ ಮೇಲೆ ಹದಿನಾರು ನಿಮಿಷಕ್ಕೊಮ್ಮೆ ಅರ್ಧರ್ಧವಾಗಿ ಇಳಿಯುತ್ತದೆ. ನರದ ಸುದ್ದಿಯಾದರೆ ಮಿಂಚಿನಂತೆ ಬಂದು ಹೋಗಬೇಕಿತ್ತು. ಹೀಗೆ ನಿಧಾನವಾಗಿ ಏರಿ ಇಳಿಯಬೇಕಾದರೆ ಒಳಗೆ ಯಾವುದೋ ರಸ ಹುಟ್ಟಿ ಕರಗುತ್ತಿರಬೇಕು ಎಂದು ಅವರಿಗೆ ಹೊಳೆಯಿತು. ಅದನ್ನು ನೋಡಲು ಮೊಲಗಳನ್ನು ತಂದರು. ಒಂದು ಮೊಲಕ್ಕೆ ಸೂಜಿ ಚಿಕಿತ್ಸೆ ಮಾಡಿ, ಅದರ ಮಿದುಳಿನೊಳಗಿನ ದ್ರವವನ್ನು ತೆಗೆದು, ಸೂಜಿಯೇ ಕಾಣದ ಇನ್ನೊಂದು ಮೊಲದ ಮಿದುಳಿಗೆ ಹಾಕಿದರು. ಆ ಎರಡನೆಯ ಮೊಲವೂ ಶಾಖವನ್ನು ಹೆಚ್ಚು ಹೊತ್ತು ತಡೆದುಕೊಂಡಿತು. 1970ರ ದಶಕದ ಆರಂಭದ ಈ ಪ್ರಯೋಗವನ್ನು ಓದಿದಾಗ ಸಂಶಯಗಾರರೂ ಒಂದು ಕ್ಷಣ ನಿಲ್ಲುತ್ತಾರೆ. ಮೊಲಕ್ಕೆ ಚೀನಾದ ವೈದ್ಯದಲ್ಲಿ ನಂಬಿಕೆಯೂ ಇಲ್ಲ, ಅಪನಂಬಿಕೆಯೂ ಇಲ್ಲ.

ಆ ರಸ ಯಾವುದು ಎಂಬುದಕ್ಕೆ ಉತ್ತರ ಬಂದದ್ದು ಸ್ಕಾಟ್‌ಲೆಂಡಿನ ಅಬರ್ಡೀನ್ ಊರಿನಿಂದ, ಹಂದಿಯ ಮಿದುಳಿನಿಂದ. ಅಫೀಮು ನೋವನ್ನು ಹೇಗೆ ಕೊಲ್ಲುತ್ತದೆ ಎಂದು ಹುಡುಕುತ್ತಿದ್ದ ಜಾನ್ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಜ್ 1975ರಲ್ಲಿ ಒಂದು ಸಂಗತಿ ಪ್ರಕಟಿಸಿದರು: ಅಫೀಮಿನಂತೆಯೇ ಕೆಲಸ ಮಾಡುವ ಪದಾರ್ಥವನ್ನು ಮಿದುಳು ತಾನೇ ತಯಾರಿಸುತ್ತದೆ. ಮರುವರ್ಷ ಕೆನಡಾದ ಟೊರೊಂಟೊದಲ್ಲಿ ಬ್ರೂಸ್ ಪೊಮೆರಾಂಜ್ ಮತ್ತು ಅವರ ಸಂಗಡಿಗರು ಎರಡು ತುದಿಗಳನ್ನು ಗಂಟು ಹಾಕಿದರು. ಅಫೀಮಿನ ಪರಿಣಾಮವನ್ನು ರದ್ದು ಮಾಡುವ ನಲಾಕ್ಸೋನ್ ಎಂಬ ಔಷಧವನ್ನು ಇಲಿಗಳಿಗೆ ಕೊಟ್ಟು ಸೂಜಿ ಚುಚ್ಚಿದರೆ, ಸೂಜಿಯಿಂದ ಸಿಗುತ್ತಿದ್ದ ಆರಾಮ ಸಿಗಲೇ ಇಲ್ಲ. ಅಂದರೆ ಸೂಜಿ ಹೊರಗಿನಿಂದ ಏನನ್ನೂ ತಂದು ತುಂಬುವುದಿಲ್ಲ, ದೇವರು ದೇಹದೊಳಗೇ ಇಟ್ಟಿರುವ ಔಷಧದ ಪೆಟ್ಟಿಗೆಯ ಬೀಗವನ್ನು ತೆಗೆಯುತ್ತದೆ. 2010ರಲ್ಲಿ ಅಮೆರಿಕದ ರೊಚೆಸ್ಟರಿನಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನ, ಸೂಜಿ ಆಡಿಸಿದ ಜಾಗದಲ್ಲಿ ಅಡಿನೋಸಿನ್ ಎಂಬ ಇನ್ನೊಂದು ಪದಾರ್ಥವೂ ಹೆಚ್ಚಾಗಿ ಅಲ್ಲೇ ನೋವನ್ನು ತಗ್ಗಿಸುತ್ತದೆ ಎಂದು ತೋರಿಸಿತು.

ಇಷ್ಟು ಓದಿದ ತಾತನವರು ಮೀಸೆ ತಿರುವಬಹುದು. ಸೂಜಿ ಬೀಗ ತೆಗೆದರೆ ಬರೆಯೂ ತೆಗೆಯಬಾರದೇಕೆ? ನಿಜ ಹೇಳಬೇಕೆಂದರೆ, ತೆಗೆಯುತ್ತದೆ. 1979ರಲ್ಲಿ ಪ್ಯಾರಿಸಿನಲ್ಲಿ ಲೆ ಬಾರ್ಸ್ ಮತ್ತು ಅವರ ಜೊತೆಗಾರರು ಇಲಿಗಳ ಬೆನ್ನುಹುರಿಯನ್ನು ಪರೀಕ್ಷಿಸುತ್ತಾ ಇದನ್ನು ಕಂಡರು. ದೇಹದ ಒಂದು ಕಡೆ ನೋವಿದ್ದಾಗ ಇನ್ನೆಲ್ಲೋ ದೂರದ ಜಾಗದಲ್ಲಿ ಬಲವಾದ ನೋವು ಕೊಟ್ಟರೆ, ಮೊದಲಿನ ನೋವಿನ ಸುದ್ದಿ ಕುಗ್ಗಿಬಿಡುತ್ತದೆ. ದೊಡ್ಡ ನೋವು ಸಣ್ಣ ನೋವಿನ ಬಾಯಿ ಮುಚ್ಚಿಸುತ್ತದೆ. ಕೆಲವು ವಿಜ್ಞಾನಿಗಳು ಸೂಜಿ ಚಿಕಿತ್ಸೆಯ ಒಂದು ಭಾಗವನ್ನೂ ಹೀಗೆಯೇ ವಿವರಿಸುತ್ತಾರೆ. ಆದ್ದರಿಂದ ಬರೆ ಎಳೆದ ದಿನ ಎತ್ತು ಕಡಿಮೆ ಕುಂಟಿತು ಎಂದು ಹಿರಿಯರು ಹೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ನಾವು ಬರೆ ಎನ್ನುವುದನ್ನು ತೆಲುಗಿನವರು ವಾತ ಎನ್ನುತ್ತಾರೆ. ಎರಡು ಭಾಷೆಯ ರೈತರೂ ತಲೆಮಾರುಗಳಿಂದ ಇದನ್ನು ಉಳಿಸಿಕೊಂಡು ಬಂದದ್ದು ಕ್ರೌರ್ಯದ ಖುಷಿಗಲ್ಲ. ಎತ್ತು ಬಿದ್ದರೆ ಮನೆ ಬೀಳುತ್ತಿತ್ತು, ಸುತ್ತ ಹತ್ತು ಹರಿದಾರಿಯಲ್ಲಿ ಡಾಕ್ಟರಿರಲಿಲ್ಲ.

ಆದರೆ ಕುಂಟು ಕಡಿಮೆಯಾಗುವುದು ಬೇರೆ, ಬಾವು ವಾಸಿಯಾಗುವುದು ಬೇರೆ. ಬರೆ ಹಾಕಿದ ಎತ್ತಿಗೆ ಗಾಯ ಮಾಗುವವರೆಗೆ ಯಾರೂ ನೊಗ ಹೂಡುವುದಿಲ್ಲ. ಬಾತ ಹೆಗಲಿಗೆ ಬೇಕಾಗಿದ್ದದ್ದು ಆ ವಿಶ್ರಾಂತಿಯೇ! ಎರಡು ಮೂರು ವಾರದಲ್ಲಿ ಬಾವು ಇಳಿದರೆ ಕೀರ್ತಿ ಕಬ್ಬಿಣಕ್ಕೆ ಹೋಗುತ್ತದೆ. ಬರೆಯಿಲ್ಲದೆ ವಿಶ್ರಾಂತಿ ಮಾತ್ರ ಕೊಟ್ಟು ನೋಡಿದವರು ಎಷ್ಟು ಜನ? ಸುಟ್ಟ ಗಾಯಕ್ಕೆ ನೊಣ ಕೂತು ಹುಳ ಬೀಳುತ್ತದೆ, ಧನುರ್ವಾಯುವಿನ ಅಪಾಯವಿದೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಸಮಯ. ಕುಂಟುವುದೆಲ್ಲ ನೊಗದ ಬಾವಲ್ಲ. ಎಳೆಯ ದನಗಳಲ್ಲಿ ತೊಡೆ ಅಥವಾ ಭುಜ ಬಾತು, ಒತ್ತಿದರೆ ಚರಚರ ಸದ್ದು ಬಂದು, ಜ್ವರವಿದ್ದರೆ ಅದು ಚಪ್ಪೆ ಬೇನೆಯಾಗಿರಬಹುದು. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ರೋಗವದು, ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸಿದರೆ ತಡೆಯಬಹುದು. ಬಾಯಲ್ಲಿ ಜೊಲ್ಲು, ಗೊರಸಿನ ನಡುವೆ ಹುಣ್ಣು ಇದ್ದರೆ ಕಾಲುಬಾಯಿ ಜ್ವರ. ಇವುಗಳಿಗೆ ಬರೆ ಎಳೆದು ಕಾಯುತ್ತಾ ಕೂತರೆ ಒಂದು ದನ ಮಾತ್ರವಲ್ಲ, ಕೊಟ್ಟಿಗೆಯೇ ಬರಿದಾದೀತು.

ಮಗನ ಪಕ್ಷಕ್ಕೂ ಒಂದು ಮಾತು. ಸೂಜಿ ಚಿಕಿತ್ಸೆಯನ್ನು ವಿಜ್ಞಾನ ಪೂರ್ತಿ ಒಪ್ಪಿಬಿಟ್ಟಿದೆ ಎಂದು ಯಾರೂ ಭಾವಿಸಬಾರದು. ಹೆದರಿದ ಪ್ರಾಣಿಗೆ ನೋವು ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ಹಿಡಿದು ಕಟ್ಟಿದ ಹೆದರಿಕೆಗೇ ಮೊಲ ಸುಮ್ಮನಾಯಿತೋ, ಸೂಜಿಯಿಂದ ಸುಮ್ಮನಾಯಿತೋ ಎಂದು ಬಿಡಿಸಿ ನೋಡುವುದು ಸುಲಭವಲ್ಲ. ಮನುಷ್ಯರ ಮೇಲೂ ಜರ್ಮನಿಯಲ್ಲಿ ಸೊಂಟ ನೋವಿನ 1162 ರೋಗಿಗಳ ದೊಡ್ಡ ಪರೀಕ್ಷೆಯೊಂದು ನಡೆದು 2007ರಲ್ಲಿ ಪ್ರಕಟವಾಯಿತು. ಸರಿಯಾದ ಜಾಗದಲ್ಲಿ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇಕಡಾ 47ರಷ್ಟು ಮಂದಿಗೆ ಗುಣ ಕಂಡಿತು, ಬೇಕೆಂದೇ ತಪ್ಪು ಜಾಗದಲ್ಲಿ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇಕಡಾ 44ರಷ್ಟು. ಬರೀ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇಕಡಾ 27. ಸೂಜಿಯಿಂದ ಉಪಯೋಗವಿದೆ, ಆದರೆ ಪುಸ್ತಕದಲ್ಲಿ ಬರೆದ ಬಿಂದುಗಳಿಂದಲೇ ಎನ್ನುವುದು ಅನುಮಾನ. ಸಾಕುಪ್ರಾಣಿಗಳ ಬಗ್ಗೆ ಆವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ 2006ರ ಒಂದು ವಿಮರ್ಶೆ, ಇದನ್ನು ಶಿಫಾರಸು ಮಾಡಲೂ ತಳ್ಳಿಹಾಕಲೂ ಸಾಲುವಷ್ಟು ಗಟ್ಟಿ ಪುರಾವೆ ಇಲ್ಲ ಎಂದಿತು. ವಯಸ್ಸಾದ ನಾಯಿಯ ಕೀಲು ನೋವಿಗೆ, ತರಬೇತಿ ಪಡೆದ ಪಶುವೈದ್ಯರು ಬೇರೆ ಔಷಧದ ಜೊತೆಗೆ ಸೂಜಿಯನ್ನೂ ಬಳಸಿದರೆ ಬೇಡವೆನ್ನಲು ಕಾರಣವಿಲ್ಲ. ಮೂಳೆ ಮುರಿದದ್ದಕ್ಕೆ, ಕೀವಿಗೆ, ಜ್ವರಕ್ಕೆ ಅದು ಮದ್ದಲ್ಲ. ಇನ್ನು ಈ ಅಂಕಣ ಓದಿ ಮನೆಯ ದಬ್ಬಳ ಹಿಡಿದು ಕೊಟ್ಟಿಗೆಗೆ ಹೋಗುವವರು ಯಾರಾದರೂ ಇದ್ದರೆ, ದಯವಿಟ್ಟು ಅದನ್ನು ಗೋಣಿಚೀಲ ಹೊಲಿಯಲಿಕ್ಕೇ ಬಿಡಿ.

ಕೆಲವು ಓದುಗರಿಗೆ ಇನ್ನೊಂದು ಸಂಕೋಚ ಇರುತ್ತದೆ: ಅಕ್ಯುಪಂಕ್ಚರ್ ನಮ್ಮ ವಿಶ್ವಾಸಕ್ಕೆ ಹೊಂದುತ್ತದೆಯೇ? 2003ರಲ್ಲಿ ‘ಹೊಸ ಯುಗ’ದ ಪಂಥಗಳ ಬಗ್ಗೆ ವ್ಯಾಟಿಕನ್ ಹೊರಡಿಸಿದ ಪತ್ರದಲ್ಲಿ, ಆ ಪಂಥದವರು ಪ್ರಚಾರ ಮಾಡುವ ಚಿಕಿತ್ಸೆಗಳ ಸಾಲಿನಲ್ಲಿ ಅಕ್ಯುಪಂಕ್ಚರಿನ ಹೆಸರೂ ಬರುತ್ತದೆ. ವಿಶ್ವಶಕ್ತಿಯನ್ನು ದೇವರ ಜಾಗದಲ್ಲಿ ಕೂರಿಸುವ ಬೋಧನೆಗೆ ಅಲ್ಲಿ ಎಚ್ಚರಿಕೆ ಇದೆ. ಮೊಲದ ಮಿದುಳಿನ ರಸಕ್ಕೆ ಆ ಬೋಧನೆ ಬೇಕಾಗಿಲ್ಲ. ನರ, ರಸಗಳ ಲೆಕ್ಕದಲ್ಲಿ ಚಿಕಿತ್ಸೆ ಮಾಡುವ ವೈದ್ಯರ ಬಳಿ ಹೋಗಲು ಸಂಕೋಚ ಬೇಡ.

ಪಾಪವೇ ಎಂಬ ಪ್ರಶ್ನೆಗೆ ಬರೋಣ. ಈವರೆಗೆ ಹೇಳಿದ ಮೊಲ, ಇಲಿಗಳನ್ನು ಮರೆತು ಈ ಪ್ರಶ್ನೆಗೆ ಉತ್ತರ ಹೇಳುವುದು ಸರಿಯಲ್ಲ. ನೋವನ್ನು ಅರಿಯಲು ಅವುಗಳಿಗೆ ನೋವು ಕೊಟ್ಟಿದ್ದಾರೆ. ಧರ್ಮಸಭೆಯ ಕಥೋಲಿಕ ಧರ್ಮೋಪದೇಶ ಗ್ರಂಥವು 2416ರಿಂದ 2418ರವರೆಗಿನ ಭಾಗಗಳಲ್ಲಿ ಇದನ್ನು ತೂಗಿ ನೋಡುತ್ತದೆ. ಮನುಷ್ಯರ ಆರೈಕೆಗೆ, ಪ್ರಾಣ ಉಳಿಸಲಿಕ್ಕೆ ನೆರವಾಗುವ ಪ್ರಯೋಗಗಳನ್ನು ಮಿತಿಯೊಳಗೆ ಒಪ್ಪುತ್ತದೆ. ಅನಗತ್ಯವಾಗಿ ಪ್ರಾಣಿಗಳನ್ನು ನರಳಿಸುವುದು ಮನುಷ್ಯನ ಘನತೆಗೇ ವಿರುದ್ಧ ಎನ್ನುತ್ತದೆ. ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಇದನ್ನೇ ಮತ್ತೆ ಎತ್ತಿ ಹೇಳಿದರು. ವಿಜ್ಞಾನಿಗಳಲ್ಲೂ ಆತ್ಮಸಾಕ್ಷಿಯ ಪರಿಶೀಲನೆ ನಡೆದಿದೆ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘ 1983ರಲ್ಲಿ ಕೆಲವು ನಿಯಮಗಳನ್ನು ಪ್ರಕಟಿಸಿತು. ಪ್ರಾಣಿಗೆ ಕೊಡಲಿರುವ ನೋವನ್ನು ಸಾಧ್ಯವಿದ್ದರೆ ಮೊದಲು ನಿನ್ನ ಮೇಲೆ ಪ್ರಯೋಗಿಸಿ ನೋಡು ಎಂಬುದು ಅದರಲ್ಲೊಂದು. ಬರೆಯ ಕಬ್ಬಿಣಕ್ಕೂ ಈ ನಿಯಮ ಅನ್ವಯಿಸಿದರೆ ನಮ್ಮ ಊರುಗಳಲ್ಲಿ ಎಷ್ಟು ಬರೆ ಉಳಿದೀತು?

ಹಿಂದೆ ಬೇರೆ ದಾರಿ ಇಲ್ಲದಾಗ ಎತ್ತನ್ನು ಉಳಿಸಿಕೊಳ್ಳಲು ಬರೆ ಹಾಕಿಸಿದ ಹಿರಿಯರನ್ನು ಪಾಪಿಗಳೆಂದು ಕರೆಯಲು ನನಗೆ ಮನಸ್ಸಿಲ್ಲ. ಅವರು ಗೊತ್ತಿದ್ದಷ್ಟು ಮಾಡಿದರು. ಇವತ್ತು 1962 ಸಂಖ್ಯೆಗೆ ಫೋನ್ ಮಾಡಿದರೆ ಆಂಧ್ರದಲ್ಲೂ ಕರ್ನಾಟಕದಲ್ಲೂ ಸಂಚಾರಿ ಪಶುಚಿಕಿತ್ಸಾ ವಾಹನದ ಸೌಲಭ್ಯವಿದೆ. ನೋವು ಇಳಿಸುವ ಇಂಜೆಕ್ಷನ್ ಇದೆ. ಇಷ್ಟೆಲ್ಲ ತಿಳಿದ ಮೇಲೂ ಬೆಂಕಿ ಕಾಯಿಸಿದರೆ ಅದು ಅನಗತ್ಯ ನರಳಿಕೆಯಲ್ಲದೆ ಮತ್ತೇನು? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಅನಗತ್ಯ ನೋವನ್ನು ಅಪರಾಧವೆಂದೇ ನೋಡುತ್ತದೆ.

ದನಕರುಗಳು ನೋವನ್ನು ಬಚ್ಚಿಡುತ್ತವೆ. ಕಾಡಿನಲ್ಲಿ ಕುಂಟುವ ಪ್ರಾಣಿಯನ್ನು ಹುಲಿ ಮೊದಲು ಹಿಡಿಯುತ್ತಿತ್ತಲ್ಲ, ಆ ಅಭ್ಯಾಸ ಇನ್ನೂ ಹೋಗಿಲ್ಲ. ಕೂಗಿಲ್ಲ ಎಂದ ಮಾತ್ರಕ್ಕೆ ನೋವಿಲ್ಲ ಎಂದಲ್ಲ. 2015ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದವರು ಹಸುವಿನ ನೋವಿನ ಮುಖ ಹೇಗಿರುತ್ತದೆಂದು ಗುರುತು ಮಾಡಿದರು. ಕಿವಿ ಹಿಂದಕ್ಕೆ ಅಥವಾ ಜೋತು, ಕಣ್ಣು ಬಿಗಿಯಾಗಿ ನೆಟ್ಟು, ಕಣ್ಣಿನ ಮೇಲೆ ಸುಕ್ಕು, ಮೂಗಿನ ಹೊಳ್ಳೆ ಹಿಗ್ಗಿ, ದವಡೆ ಬಿಗಿದು. ಮರುವರ್ಷ ಕೇಂಬ್ರಿಜ್‌ನವರು ಕುರಿಗಳಿಗೂ ಅಂಥದೇ ಅಳತೆ ತಂದರು. ನೀವು ಮನೆಯಲ್ಲೇ ನೋಡಬಹುದಾದದ್ದು: ಮೆಲುಕು ನಿಲ್ಲಿಸಿದೆಯೇ, ಹಲ್ಲು ಕಡಿಯುತ್ತಿದೆಯೇ, ಬೆನ್ನು ಬಾಗಿಸಿ ನಿಲ್ಲುತ್ತದೆಯೇ, ಮಂದೆಯಿಂದ ದೂರ ನಿಂತಿದೆಯೇ, ಭಾರವನ್ನು ಕಾಲಿಂದ ಕಾಲಿಗೆ ಬದಲಿಸುತ್ತಿದೆಯೇ. ಇದನ್ನು ಮಕ್ಕಳಿಗೂ ಕಲಿಸಿ, ಅವರ ಕಣ್ಣು ನಮಗಿಂತ ಚುರುಕು.

ಕೊನೆಯದಾಗಿ ಔಷಧದ ಬಗ್ಗೆ ಒಂದು ಎಚ್ಚರಿಕೆ. ಮನೆಯಲ್ಲಿ ಮಂಡಿನೋವಿಗೆ ತಂದ ಡೈಕ್ಲೋಫಿನಾಕ್ ಉಳಿದಿದೆ ಎಂದು ದನಕ್ಕೆ ಕೊಡಬೇಡಿ. ಇದೇ ನೋವಿನ ಔಷಧ ನಮ್ಮ ದೇಶದ ರಣಹದ್ದುಗಳನ್ನು ನಿರ್ನಾಮ ಮಾಡಿತು. ಔಷಧ ಪಡೆದು ಸತ್ತ ದನವನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂದು 2004ರಲ್ಲಿ ಗೊತ್ತಾಗುವ ಹೊತ್ತಿಗೆ ಕೆಲವು ಜಾತಿಯ ಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಅಳಿದಿದ್ದವು. ದನಗಳಿಗೆ ಅದರ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಕೀಟೋಪ್ರೊಫೆನ್, ಅಸೆಕ್ಲೋಫಿನಾಕ್‌ಗಳಿಗೂ 2023ರಲ್ಲಿ ನಿಷೇಧ ಬಂತು. ಉಳಿದ ಹದ್ದುಗಳ ರಕ್ಷಣೆಗೆ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ಅಭಯಾರಣ್ಯವೆಂದು ಘೋಷಿಸಿದರು. ದನಕ್ಕೂ ಹದ್ದಿಗೂ ಕೇಡಿಲ್ಲದ ಮೆಲಾಕ್ಸಿಕಾಮ್ ಎಂಬ ಔಷಧ ಇದೆ. ಪ್ರಮಾಣವನ್ನು ಪಶುವೈದ್ಯರೇ ಹೇಳಬೇಕು. ಬೆಕ್ಕಿಗೆ ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ವಿಷ, ನಾಯಿಗೆ ಐಬುಪ್ರೊಫೆನ್ ಅಪಾಯ.

ಪರಿಗಿಯ ಸಹೋದರಿಗೆ ಇನ್ನೊಂದೇ ಮಾತು. ಬಾವು ಇಳಿದ ಮೇಲೆ ನೊಗವನ್ನು ಒಮ್ಮೆ ಕೈಯಾಡಿಸಿ ನೋಡಿ. ಸವೆದು ಅಂಚು ಮೂಡಿದ್ದರೆ ಬಡಗಿಯಿಂದ ನುಣುಪು ಮಾಡಿಸಿ. ಜೋಡಿ ಎತ್ತುಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ ಇದ್ದರೆ ಭಾರವೆಲ್ಲ ಒಂದೇ ಹೆಗಲಿಗೆ ಬೀಳುತ್ತದೆ. ಅದನ್ನು ಪತ್ತೆ ಹಚ್ಚುವ ಕಣ್ಣು ನಿಮ್ಮ ಮಾವನವರಿಗೆ ಇದ್ದಷ್ಟು ಯಾವ ಡಾಕ್ಟರಿಗೂ ಇರಲಾರದು, ಆ ಕೆಲಸವನ್ನು ಅವರಿಗೇ ವಹಿಸಿ.